ಮೇ ತಿಂಗಳ ಬಿಸಿಲಲ್ಲಿ ತಂಡ ಕಟ್ಟಿಕೊಂಡು ಗುಡ್ಡ ಓಡಬಹುದೇ?

ಪ್ರಶ್ನೆ: ಸರ್, ನಾವು ಕಲಬುರಗಿಯ ಡಿಗ್ರಿ ವಿದ್ಯಾರ್ಥಿಗಳು. ಕ್ರಾಸ್ ಕಂಟ್ರಿ ತಂಡದವರು, ಒಟ್ಟು ಎಂಟು ಜನ, ಅದರಲ್ಲಿ ಮೂವರು ಹುಡುಗಿಯರು. ಮೇನಲ್ಲಿ ವಾರಕ್ಕೊಮ್ಮೆ ಯಾದಗಿರಿ, ಶಹಾಪುರದ ಗುಡ್ಡಗಳಲ್ಲಿ ಇಲ್ಲವೇ ಚಿಂಚೋಳಿ ಕಾಡಿನಲ್ಲಿ ಟ್ರೇಲ್ ರನ್ನಿಂಗ್ (ಕಾಲುದಾರಿಯಲ್ಲಿ ಓಟ) ಮಾಡಬೇಕು ಅಂದುಕೊಂಡಿದ್ದೇವೆ. ಎಷ್ಟು ನೀರು ಕುಡಿಯಬೇಕು, ಎಷ್ಟು ವೇಗ ಇರಬೇಕು, ಎಂಥ ಶೂ ಬೇಕು? ಬೆಂಗಳೂರಿನಿಂದ ರಜೆಗೆ ಬಂದ ಗೆಳೆಯನಿಗೆ ಕಳೆದ ವಾರ ಓಡುವಾಗ ತಲೆಸುತ್ತಿ ವಾಂತಿಯಾಯಿತು, ಅದಕ್ಕೆ ಮನೆಯವರು ಬೇಡ ಅನ್ನುತ್ತಿದ್ದಾರೆ. ಒಬ್ಬ ಸೀನಿಯರ್ ಮಾತ್ರ ಮಧ್ಯಾಹ್ನದ ಬಿಸಿಲಲ್ಲೇ ಓಡಿ, ಆಗ ಮೈ ಗಟ್ಟಿಯಾಗುತ್ತದೆ ಅಂತಾರೆ. ಯಾರ ಮಾತು ಕೇಳೋಣ?

ಉತ್ತರ: ಓಡಬಹುದು ತಮ್ಮಾ. ಆದರೆ ನೀರು, ವೇಗ, ಶೂ ಅಂತ ಮೊದಲು ಕೇಳಿ, ಗೆಳೆಯನಿಗೆ ವಾಂತಿಯಾದದ್ದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ ನೋಡಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಹುಡುಗ ನಿಮಗಿಂತ ದುರ್ಬಲ ಅಂತ ಹಾಗಾದದ್ದಲ್ಲ. ಅವನ ಮೈ ಇನ್ನೂ ಬೆಂಗಳೂರಲ್ಲೇ ಇದೆ, ಅಷ್ಟೇ. ಬಿಸಿಲಿಗೆ ಮೈ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ಒಳಗೆ ಬಹಳ ಕೆಲಸ ನಡೆಯುತ್ತದೆ. ಮೊದಲ ಕೆಲವು ದಿನಗಳಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಆದರೆ ಅದರ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಓಟಕ್ಕೆ ಎದೆಬಡಿತ ಮೊದಲಿನಷ್ಟು ಏರುವುದಿಲ್ಲ. ಸುಮ್ನೆ ಊರಲ್ಲಿ ಇದ್ದರೆ ಇದು ಪೂರ್ತಿ ಆಗುವುದಿಲ್ಲ, ಬಿಸಿಯಲ್ಲಿ ಮೈ ದಂಡಿಸಿದರೆ ಚೆನ್ನಾಗಿ ಆಗುತ್ತದೆ. ಇಡೀ ದಿನ ಕೂಲರ್ ಮುಂದೆ ಕೂತಿದ್ದು ಒಮ್ಮೆಲೇ ಭಾನುವಾರ ಗುಡ್ಡ ಹತ್ತಿದರೆ ಕಲಬುರಗಿಯಲ್ಲೇ ಹುಟ್ಟಿ ಬೆಳೆದವನಿಗೂ ಅದೇ ಗತಿ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಈ ಹೊಂದಾಣಿಕೆ ಕರಗಿ ಹೋಗುತ್ತದೆ, ಅದೂ ನೆನಪಿರಲಿ.

ಹಾಗಾಗಿ ಅವನನ್ನು ತಂಡದಿಂದ ಬಿಡಬೇಡಿ, ಆದರೆ ಎರಡು ವಾರ ಗುಡ್ಡಕ್ಕೆ ಕರೆದೊಯ್ಯಬೇಡಿ. ಮೊದಲ ಮೂರ್ನಾಲ್ಕು ದಿನ ಸಮತಟ್ಟು ನೆಲದಲ್ಲಿ ಬೆಳಿಗ್ಗೆ 20-30 ನಿಮಿಷ, ಮಾತಾಡುತ್ತಾ ಓಡುವಷ್ಟು ನಿಧಾನವಾಗಿ ಓಡಲಿ. ಆಮೇಲೆ ದಿನಕ್ಕೆ ಐದೈದು ನಿಮಿಷ ಏರಿಸಿ.

ಈಗ ನಿಮ್ಮ ಸೀನಿಯರ್ ಮಾತಿಗೆ ಬರೋಣ. ಸರ್ಕಾರವೇ ಏಪ್ರಿಲ್-ಮೇ ಎರಡು ತಿಂಗಳು ನಮ್ಮ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1:30ಕ್ಕೆ ಮುಚ್ಚಿಸುತ್ತದೆ. ಫ್ಯಾನ್ ಕೆಳಗೆ ಕೂತು ಫೈಲ್ ನೋಡುವವರಿಗೇ ಮಧ್ಯಾಹ್ನ ಬೇಡ ಅಂದಮೇಲೆ, ಗುಡ್ಡ ಹತ್ತುವವರಿಗೆ ಯಾಕೆ ಬೇಕು? ಲೆಕ್ಕ ಸರಳ ಇದೆ. ಓಡುವಾಗ ಸ್ನಾಯು ಸುಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲೇಬೇಕು. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಒಂದಷ್ಟು ಬಿಸಿ ಗಾಳಿಗೇ ಹೋಗುತ್ತದೆ. ಗಾಳಿ 41-42 ಇದ್ದರೆ ಅದೇ ನಿಮಗೆ ಬಿಸಿ ತುಂಬುತ್ತದೆ, ಮೇಲಿನಿಂದ ಬಿಸಿಲು, ಕೆಳಗಿನಿಂದ ಬಂಡೆ. ಆಗ ಉಳಿಯುವ ದಾರಿ ಬೆವರು ಆರುವುದೊಂದೇ, ಅದರ ಮೇಲೆ ಇಡೀ ಭಾರ ಬಿದ್ದಾಗ ಅದು ಸಾಲುವುದಿಲ್ಲ. ಮೈ ಹೊಂದಿಸಿಕೊಳ್ಳಲು ಮಧ್ಯಾಹ್ನ ಬೇಕಾಗಿಯೇ ಇಲ್ಲ. ಬೆಳಿಗ್ಗೆ ಏಳೂವರೆ-ಎಂಟರ ಬಿಸಿಲಲ್ಲಿ ಊರ ಹತ್ತಿರ ಒಂದು ಗಂಟೆಯ ಹಗುರ ಓಟ ಸಾಕು, ಅದೇ ಬೆವರು ಬರುತ್ತದೆ, ಅದೇ ಲಾಭ ಸಿಗುತ್ತದೆ. ಸೀನಿಯರ್ ಮಧ್ಯಾಹ್ನ ಓಡಿಯೂ ಚೆನ್ನಾಗಿದ್ದಾರೆ ಅಂದರೆ ಒಳ್ಳೆಯದೇ ಆಯಿತು. ನೀವು ಎಂಟು ಜನರ ಜವಾಬ್ದಾರಿ ಹೊತ್ತಿದ್ದೀರಿ, ಅಲ್ವಾ?

ನಮ್ಮ ಒಣ ಹವೆಯಲ್ಲಿ ಒಂದು ಮೋಸ ಇದೆ. ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಬನಿಯನ್ ಒದ್ದೆಯಾಗಿಲ್ಲ, ಹಾಗಾದರೆ ನಾನು ಬೆವರಿಲ್ಲ ಅಂತ ಹುಡುಗರು ತಿಳಿಯುತ್ತಾರೆ. ಬೆನ್ನ ಮೇಲೆ, ಟೋಪಿ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ನೋಡಿ, ಆಗ ಗೊತ್ತಾಗುತ್ತದೆ. ಮೇ ಕೊನೆಗೆ ಮೋಡ ಕಟ್ಟಿ ಧಗೆ ಶುರುವಾದಾಗ ಇದರ ಉಲ್ಟಾ ಮೋಸ: ತಾಪಮಾನ ಎರಡು ಮೂರು ಡಿಗ್ರಿ ಇಳಿದಿರುತ್ತದೆ, ಎಲ್ಲರೂ ಇವತ್ತು ತಂಪಿದೆ ಅಂತ ಜೋರಾಗಿ ಓಡುತ್ತಾರೆ, ಬೆವರು ಮಾತ್ರ ಆರದೆ ಸುರಿದು ಹೋಗುತ್ತದೆ. ಸುರಿದು ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ. ನನ್ನ ಪ್ರಕಾರ ಮೇ ಕೊನೆ, ಜೂನ್ ಮೊದಲ ವಾರದ ಮೋಡದ ದಿನಗಳಿಗೆ ಒಣ ಬಿಸಿಲಿನ ದಿನಗಳಿಗಿಂತ ಹೆಚ್ಚು ಹೆದರಬೇಕು.

ಇನ್ನು ಮುಖ್ಯ ಮಾತು. ಬಿಸಿಲ ಹೊಡೆತ ಅಂದರೆ ಹೀಟ್ ಸ್ಟ್ರೋಕ್, ಅದು ಮೊದಲು ಕೆಡಿಸುವುದು ತಲೆಯನ್ನು. ಒಳಗಿನ ತಾಪ 40 ಡಿಗ್ರಿ ದಾಟಿದಾಗ ಮಿದುಳು ತಪ್ಪು ಲೆಕ್ಕ ಹಾಕಲು ಶುರು ಮಾಡುತ್ತದೆ, ಹಾಗಾಗಿ ಯಾರಿಗೆ ಆಗುತ್ತಿದೆಯೋ ಅವನಿಗೇ ಅದು ಗೊತ್ತಾಗುವುದಿಲ್ಲ. "ನಾನು ಚೆನ್ನಾಗೇ ಇದೀನಿ" ಅನ್ನುತ್ತಾನೆ. ಅವನ ಆ ಮಾತಿಗೆ ಬೆಲೆಯೇ ಇಲ್ಲ. ಗುಡ್ಡಕ್ಕೆ ತಂಡವಾಗಿ ಹೋಗಬೇಕು ಅನ್ನುವುದು ಇದಕ್ಕೇ. ಜೊತೆಗೆ ನಗುತ್ತಾ ಓಡುವುದು, ಫೋಟೊ ತೆಗೆಯುವುದು ಎಲ್ಲ ಆಮೇಲೆ.

ಎಂಟು ಜನ ಇದ್ದೀರಿ, ನಾಲ್ಕು ಜೋಡಿ ಮಾಡಿ. ಜೋಡಿಯಲ್ಲಿರುವವರು ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರಾಗಿರಲಿ, ವೇಗ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಪರವಾಗಿಲ್ಲ. ನೋಡಬೇಕಾದದ್ದು ಇಷ್ಟು: ಯಾವತ್ತೂ ಎಡವದವನು ಎರಡು ಸಲ ಎಡವಿದನಾ, ನೇರ ದಾರಿ ಬಿಟ್ಟು ಅಂಚಿಗೆ ವಾಲುತ್ತಿದ್ದಾನಾ, ಶಾಂತ ಹುಡುಗಿ ಸುಮ್ಮನೆ ಸಿಡುಕುತ್ತಿದ್ದಾಳಾ, ವಟವಟ ಅನ್ನುವವನು ಇದ್ದಕ್ಕಿದ್ದಂತೆ ಮೌನ ಆದನಾ. ಏರಿನ ಮೇಲೆ ನಿಂತಾಗ ಒಂದು ಪ್ರಶ್ನೆ ಕೇಳಿ. "ಆರಾಮಾ?" ಅಂತ ಕೇಳಬೇಡಿ, ಅದಕ್ಕೆ "ಹ್ಞೂಂ" ಅಂತ ಬಾಯಿ ತಾನಾಗಿ ಹೇಳಿಬಿಡುತ್ತದೆ. "ಇವತ್ತು ಚಹಾ ಯಾರ ಲೆಕ್ಕ?" ಅಂತ ಕೇಳಿ. ನೆಟ್ಟಗಿರುವವನು ತಕ್ಷಣ ಇನ್ನೊಬ್ಬರ ಹೆಸರು ಹೇಳುತ್ತಾನೆ, ಹೋದ ವಾರ ನಾನೇ ಕೊಟ್ಟಿದ್ದು ಅಂತ ಜಗಳಕ್ಕೂ ಬರುತ್ತಾನೆ. ಬಿಸಿಲು ತಲೆಗೇರಿದವನು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾನೆ, ಶೂ ಲೇಸ್ ಹಿಡಿದುಕೊಂಡು ಅದನ್ನು ಕಟ್ಟಬೇಕೋ ಬಿಚ್ಚಬೇಕೋ ಅನ್ನುವ ಹಾಗೆ ಕೂರುತ್ತಾನೆ, ಉತ್ತರ ಬರುವುದು ತಡವಾಗುತ್ತದೆ, ಬಂದರೂ ಸಂಬಂಧ ಇರುವುದಿಲ್ಲ. ಅಲ್ಲಿಗೆ ಆ ದಿನದ ಓಟ ಎಲ್ಲರಿಗೂ ಮುಗಿಯಿತು.

"ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಹೀಟ್ ಸ್ಟ್ರೋಕ್" ಅಂತ ಬಹಳ ಜನ ನಂಬಿದ್ದಾರೆ. ಮನೆಯಲ್ಲಿ ಬಿಸಿಗೆ ಬಳಲುವ ವಯಸ್ಸಾದವರಲ್ಲಿ ಹಾಗಾಗಬಹುದು. ಓಡುವವರಿಗೆ ಬೆವರು ಸುರಿಯುತ್ತಿರುವಾಗಲೇ ಆಗುತ್ತದೆ. ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ ಕೂಡ ಕಡಿಮೆ ತೋರಿಸಿ ದಾರಿ ತಪ್ಪಿಸುತ್ತದೆ. ಮಾತು, ನಡೆ ತಪ್ಪಿತಾ? ಅದನ್ನೇ ನಂಬಿ.

ಆಗ ಏನು ಮಾಡಬೇಕು? 108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ದಾರಿ ಕಾಯುತ್ತಾ ಕೂರಬೇಡಿ. ಮೊದಲು ತಂಪು, ಆಮೇಲೆ ಆಸ್ಪತ್ರೆ. ಅಮೆರಿಕದ ಫಾಲ್ಮತ್ ಊರಲ್ಲಿ ಪ್ರತಿ ಆಗಸ್ಟ್‌ನಲ್ಲಿ ಒಂದು ರಸ್ತೆ ಓಟ ನಡೆಯುತ್ತದೆ. ಅಲ್ಲಿನ 18 ವರ್ಷಗಳ ದಾಖಲೆ ನೋಡಿದರೆ ಓಡುವಾಗ ಹೀಟ್ ಸ್ಟ್ರೋಕ್ ಆದವರು 274 ಜನ. ಅವರನ್ನೆಲ್ಲ ಅಲ್ಲೇ ಐಸ್ ನೀರಿನ ತೊಟ್ಟಿಗೆ ಇಳಿಸಿದರು. ಎಲ್ಲರೂ ಬದುಕಿದರು. ಗುಡ್ಡದ ಬುಡಕ್ಕೆ ತೊಟ್ಟಿ ಎಲ್ಲಿಂದ ತರೋಣ ಅನ್ನಬೇಡಿ. ರಾಶಿ ಮುಚ್ಚುವ ತಾಡಪತ್ರಿ ಎಲ್ಲರ ಮನೆಯಲ್ಲೂ ಇದೆ. ಒಂದು ತಾಡಪತ್ರಿ, ಎರಡು ಕ್ಯಾನ್ ನೀರು, ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಗಾಡಿಯಲ್ಲಿ ಇರಲಿ. ಬಿದ್ದವನನ್ನು ನೆರಳಿಗೆ ತಂದು ಶೂ, ಶರ್ಟ್ ತೆಗೆದು ತಾಡಪತ್ರಿ ಮೇಲೆ ಮಲಗಿಸಿ. ನಾಲ್ಕು ಜನ ಅಂಚು ಎತ್ತಿ ಹಿಡಿಯಿರಿ, ಒಬ್ಬರು ಐಸ್ ನೀರು ಸುರಿಯಿರಿ, ಅಂಚು ಮೆಲ್ಲಗೆ ಆಡಿಸುತ್ತಾ ನೀರು ಅವನ ಮೈಯೆಲ್ಲ ಸುತ್ತುವ ಹಾಗೆ ಮಾಡಿ, ಇನ್ನೊಬ್ಬರು ತಲೆ ಹಿಡಿದುಕೊಂಡು ಮುಖ ನೀರಿಗಿಂತ ಮೇಲೆ ಇರುವಂತೆ ನೋಡಿಕೊಳ್ಳಿ. ಐಸ್ ಇಲ್ಲದಿದ್ದರೆ ಇದ್ದ ನೀರನ್ನೇ ಮೈಮೇಲೆ ಹಾಕುತ್ತಾ ಟವೆಲ್‌ನಿಂದ ಜೋರಾಗಿ ಗಾಳಿ ಬೀಸಿ. ಹತ್ತಿರ ಹೊಲದಲ್ಲಿ ಪಂಪ್‌ಸೆಟ್ ಇದ್ದರೆ ಇನ್ನೂ ಒಳ್ಳೆಯದು. ಪ್ರಜ್ಞೆ ಸರಿ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಜ್ವರದ ಮಾತ್ರೆ, ಈ ಬಿಸಿಗೆ ಕೆಲಸ ಮಾಡುವುದಿಲ್ಲ. ನಿಮ್ಮ ಗೆಳೆಯನಿಗೆ ಆದ ಹಾಗೆ ಬರೀ ತಲೆಸುತ್ತು, ವಾಂತಿ ಇದ್ದು ಮಾತು ನೆಟ್ಟಗಿದ್ದರೆ ನೆರಳು, ಒದ್ದೆ ಬಟ್ಟೆ, ಕಾಲು ಸ್ವಲ್ಪ ಎತ್ತರ, ಗುಟುಕು ಗುಟುಕಾಗಿ ಓಆರ್‌ಎಸ್. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ನಡುವೆ ಮಾತು ತಪ್ಪಿದರೆ ಅರ್ಧ ಗಂಟೆ ಕಾಯುವುದೂ ಬೇಡ.

ಎಲ್ಲಿಗೆ ಹೋಗಬೇಕು? ಮೇ ತಿಂಗಳಿಗೆ ನನ್ನ ಆಯ್ಕೆ ಯಾದಗಿರಿ ಕೋಟೆ ಗುಡ್ಡ. ಊರಿಗೆ ಅಂಟಿಕೊಂಡೇ ಇದೆ, ಫೋನ್ ಸಿಗ್ನಲ್ ಸಿಗುತ್ತದೆ, ಆಸ್ಪತ್ರೆ ಹತ್ತಿರ. ಕೋಟೆ ಗೋಡೆ ಮೇಲೆ ಮಾತ್ರ ಓಡಬೇಡಿ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಸಾಲು ಚೆಂದ ಇದೆ ನಿಜ, ಆದರೆ ದೊಡ್ಡ ದೊಡ್ಡ ಗ್ರಾನೈಟ್ ಬಂಡೆ, ಗುರುತಿನ ದಾರಿ ಕಡಿಮೆ. ಅಲ್ಲಿ ಓಡುವುದಕ್ಕಿಂತ ಹತ್ತಿ ಇಳಿಯುವುದೇ ಜಾಸ್ತಿ ಆಗುತ್ತದೆ. ಚಿಂಚೋಳಿ ಬೇಸಿಗೆಗೆ ಬೇಡ. ಅದು 2011ರಿಂದ ವನ್ಯಜೀವಿ ಧಾಮ, 134.88 ಚದರ ಕಿಲೋಮೀಟರ್ ಕಾಡು, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಮೇನಲ್ಲಿ ಎಲೆ ಉದುರಿ ನೆರಳೂ ಇರುವುದಿಲ್ಲ, ಬೆಂಕಿ ಬೀಳುವ ಕಾಲವೂ ಅದೇ. ಮಳೆ ಬಂದಮೇಲೆ ಅನುಮತಿ ತೆಗೆದುಕೊಂಡು ಹೋಗಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ದಿಣ್ಣೆಗಳನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೀದರ್ ನಮ್ಮ ಊರಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಅಷ್ಟಕ್ಕೇ ಒಂದು ಡಿಗ್ರಿಗಿಂತ ಜಾಸ್ತಿ ತಂಪು. ಏರು ಸೌಮ್ಯ. ಹೊಸಬರಿಗೆ ಅಲ್ಲಿ ಚೆನ್ನಾಗಿರುತ್ತದೆ, ಆದರೆ ಸಣ್ಣ ಕೆಂಪು ಹರಳುಗಳ ಮೇಲೆ ಇಳಿಯುವಾಗ ಕಾಲು ಜಾರುತ್ತದೆ.

ಹೊತ್ತು ಬೆಳಿಗ್ಗೆಯೇ ಇರಲಿ. ಮೇನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 5:45ರ ಸುಮಾರಿಗೆ, ದಿನದಲ್ಲಿ ಎಲ್ಲಕ್ಕಿಂತ ತಂಪಾದ ಹೊತ್ತು ಅದು. ಬೆಳಕು ಹರಿದ ಕೂಡಲೇ ಹೊರಟು 7:30ಕ್ಕೆ ಕೆಳಗೆ ಬಂದಿರಬೇಕು. ಕಲಬುರಗಿಯಿಂದ ಅದೇ ಬೆಳಿಗ್ಗೆ ಹೊರಟರೆ ಗುಡ್ಡ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಹಿಂದಿನ ದಿನವೇ ಹೋಗಿ ಯಾರದಾದರೂ ಸಂಬಂಧಿಕರ ಮನೆಯಲ್ಲಿ ಇರಿ. ಸಂಜೆ ತಂಪಿರುತ್ತದೆ ಅನ್ನುವುದು ಬಯಲಲ್ಲಿ ಓಡುವವರ ಮಾತು. ಗ್ರಾನೈಟ್ ಬಂಡೆ ಇಡೀ ದಿನ ಕುಡಿದ ಬಿಸಿಯನ್ನು ಸಂಜೆಗೆ ಹೊರಗೆ ಬಿಡುತ್ತದೆ, ಆರು ಗಂಟೆಗೂ ರೊಟ್ಟಿ ಹಂಚಿನ ಹಾಗೆ ಇರುತ್ತದೆ. ಮೇಲಾಗಿ ಮೇ ತಿಂಗಳ ಗುಡುಗು-ಸಿಡಿಲಿನ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೇ. ಬೋಳು ಗುಡ್ಡದ ತುದಿಯಲ್ಲಿ ಸಿಡಿಲಿಗೆ ಸಿಗುವ ಎತ್ತರದ ವಸ್ತು ನೀವೇ. ಗುಡುಗು ಕೇಳಿದರೆ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಹಿಂದಿನ ರಾತ್ರಿ ಕರೆಂಟ್ ಹೋಗಿ ಸೆಕೆಗೆ ನಿದ್ದೆ ಆಗಿಲ್ಲವೇ? ಭೇದಿ, ಜ್ವರ ಇತ್ತೇ? ಅಂಥವರು ಆ ದಿನ ಕೆಳಗೆ ಕೂತು ಗಾಡಿ, ಐಸ್ ಕಾಯಲಿ. ಉಪವಾಸ ಇರುವವರೂ ಅಷ್ಟೇ. ಇದರಲ್ಲಿ ನಾಚಿಕೆ ಇಲ್ಲ, ಕೆಳಗೆ ಒಬ್ಬರು ಬೇಕೇ ಬೇಕು, ಅವರ ಜೋಡಿಯವರು ಇನ್ನೊಂದು ಜೋಡಿಗೆ ಸೇರಿಕೊಳ್ಳಲಿ.

ವೇಗದ ಬಗ್ಗೆ ಕೇಳಿದ್ದೀರಿ. ಗುಡ್ಡದಲ್ಲಿ ಕಿಲೋಮೀಟರಿಗೆ ಇಷ್ಟು ನಿಮಿಷ ಅನ್ನುವ ಲೆಕ್ಕ ಬಿಡಿ. ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳಲು ಆಗುತ್ತದಾ? ಹಾಗಿದ್ದರೆ ವೇಗ ಸರಿ ಇದೆ. ಕಡಿದಾದ ಏರಿನಲ್ಲಿ ನಡೆಯಿರಿ, ಅಂಗೈ ತೊಡೆಯ ಮೇಲೆ ಒತ್ತಿ ಗಿಡ್ಡ ಹೆಜ್ಜೆ ಹಾಕಿ. ಅಲ್ಲಿ ಓಡುವವನೂ ನಡೆಯುವವನೂ ಹೆಚ್ಚುಕಡಿಮೆ ಒಟ್ಟಿಗೇ ಮೇಲೆ ಬರುತ್ತಾರೆ, ಓಡಿದವನ ಎದೆ ಮಾತ್ರ ಜೋರಾಗಿ ಹೊಡೆದುಕೊಳ್ಳುತ್ತಿರುತ್ತದೆ.

ನಿಮ್ಮ ತಂಡದಲ್ಲಿ ಕೆಲವರು ಚುರುಕು, ಕೆಲವರು ನಿಧಾನ ಇರಲೇಬೇಕು. ವೇಗದವರನ್ನು ಹಿಡಿದು ನಿಲ್ಲಿಸಿದರೆ ಅವರಿಗೆ ಬೇಜಾರು, ಬಿಟ್ಟರೆ ತಂಡ ಒಡೆಯುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಗುರುತಿನ ಒಂದೇ ದಾರಿಯಲ್ಲಿ ಎಲ್ಲರೂ ಹೊರಡಿ. ಪ್ರತಿ ಜೋಡಿಯ ಒಂದು ವಾಚ್‌ನಲ್ಲಿ 25 ನಿಮಿಷಕ್ಕೆ ಅಲಾರಂ ಇಡಿ. ಅದು ಹೊಡೆದಾಗ ಯಾರು ಎಲ್ಲಿದ್ದಾರೋ ಅಲ್ಲಿಂದಲೇ ತಿರುಗಬೇಕು, ಇನ್ನೊಂದು ಬಂಡೆ ಅಷ್ಟೇ ಅನ್ನುವಂತಿಲ್ಲ. ಮುಂದೆ ಹೋದವರು ವಾಪಸ್ ಬರುವಾಗ ಹಿಂದಿನವರೆಲ್ಲರನ್ನೂ ನೋಡುತ್ತಾ ಬರುತ್ತಾರೆ, ಕೊನೆಗೆ ಎಲ್ಲರೂ ಹತ್ತಿರ ಹತ್ತಿರ ಒಂದೇ ಹೊತ್ತಿಗೆ ಕೆಳಗೆ ಸೇರುತ್ತಾರೆ. ಯಾರೂ ಯಾರನ್ನೂ ಕಾಯುವ ಕೆಲಸ ಇಲ್ಲ. ಜೋಡಿ ಮಾತ್ರ ಒಡೆಯಬಾರದು. ಎಲ್ಲರ ಕೊರಳಲ್ಲೂ ಒಂದು ಸೀಟಿ ಇರಲಿ, ಮೂರು ಸಲ ಊದಿದರೆ ತೊಂದರೆ ಅಂತ ಮೊದಲೇ ಮಾತಾಡಿಕೊಳ್ಳಿ. ಕಡಿದಾದ ಕಡೆ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಬೇಡಿ, ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ಕೆಳಗಿನವರ ಮೇಲೆ ಬರುತ್ತದೆ.

ಏರಿಗಿಂತ ಇಳಿಜಾರು ಕಾಲಿಗೆ ಹೆಚ್ಚು ನೋವು ಕೊಡುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು, ಅದಕ್ಕೇ ಮೊದಲ ಸಲ ಇಳಿದವರಿಗೆ ಮರುದಿನಕ್ಕಿಂತ ಅದರ ಮರುದಿನ ಮೆಟ್ಟಿಲು ಇಳಿಯಲು ಕಷ್ಟ. ಎರಡನೇ ಸಲ ಅಷ್ಟು ಇರುವುದಿಲ್ಲ, ಸ್ನಾಯು ಬೇಗ ಕಲಿಯುತ್ತದೆ. ನೋವಿಗೆ ಐಬುಪ್ರೊಫೆನ್ ನುಂಗಿ ಓಡುವ ಚಟ ಮಾತ್ರ ಬೇಡ. ಮೈಯಲ್ಲಿ ನೀರು ಕಡಿಮೆ ಇರುವಾಗ ಅದು ಕಿಡ್ನಿಗೆ ಕೆಟ್ಟದ್ದು.

ನೀರಿಗೆ ಬರೋಣ. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಬೆವರು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರ್‌ವರೆಗೂ ಹೋಗಬಹುದು. ನಿಮ್ಮದು ಎಷ್ಟು ಅಂತ ನೀವೇ ಅಳೆಯಿರಿ: ಓಡುವ ಮೊದಲು ಮತ್ತು ಆಮೇಲೆ ಮೈ ಒರೆಸಿಕೊಂಡು ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಹೋಗಿದೆ, ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿ. ಬಾಯಾರಿದಾಗ ಕುಡಿಯಿರಿ, ಅದರ ಮೇಲೆ ಬಲವಂತ ಬೇಡ. ಬರೀ ನೀರನ್ನು ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಬರುತ್ತದೆ. ತಲೆನೋವು, ವಾಂತಿ, ಮಂಕು, ಎಲ್ಲ ಬಿಸಿಲ ಹೊಡೆತದ ಹಾಗೇ ಕಾಣುತ್ತದೆ. ಗುಡ್ಡಕ್ಕೆ ತಲಾ ಒಂದು ಲೀಟರ್ ಬೆನ್ನ ಮೇಲೆ, ಗಾಡಿಯಲ್ಲಿ ಬೇರೆ ಇರಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಸಣ್ಣ ಬಾಟಲಿಗೆ ಸುರಿದು ಗಟ್ಟಿ ಮಾಡಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್‌ಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆ ಸವರಿ ಅಳೆಯಿರಿ. ಅಂಗಡಿಯ ಬಣ್ಣದ ಹಣ್ಣಿನ ಪೇಯಗಳ ಮೇಲೆ ಓಆರ್‌ಎಸ್ ಅಂತ ಬರೆಯುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು, ಹಳೇ ಸರಕು ಕಂಡರೆ ಮೋಸ ಹೋಗಬೇಡಿ. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ರೊಟ್ಟಿ, ಶೇಂಗಾ ಹಿಂಡಿ. ಅದಕ್ಕಿಂತ ಒಳ್ಳೆಯ ಸ್ಪೋರ್ಟ್ಸ್ ಆಹಾರ ನಮ್ಮ ಕಡೆ ಹುಡುಕುವುದೇ ಬೇಡ.

ಹಾವಿನ ವಿಷಯ. ಬೇಸಿಗೆಯಲ್ಲಿ ಅವೂ ತಂಪು ಹೊತ್ತಿಗೇ ಹೊರಗೆ ಬರುತ್ತವೆ, ಅಂದರೆ ನೀವು ಓಡುವ ಹೊತ್ತಿಗೆ. ಒಣ ಕಲ್ಲು ನೆಲದಲ್ಲಿ ಇರುವ ಗರಗಸ ಮಂಡಲ ಚಿಕ್ಕದು, ಮಣ್ಣಿನ ಬಣ್ಣದ್ದು, ಕಾಣುವುದೇ ಕಷ್ಟ. ಬೆಳಕು ಹರಿಯುವ ಮುಂಚೆ ಕಲ್ಲಿನ ನಡುವೆ ಕಾಲಿಡಬೇಡಿ, ನೋಡದೆ ಸಂದಿಗೆ ಕೈ ಹಾಕಿ ಹತ್ತಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ ಹೊತ್ತುಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಹೋಗಿ. ಬಂಡೆಗೆ ಹೆಜ್ಜೇನು ಕಟ್ಟಿದೆಯಾ, ಗವಿಗಳಲ್ಲಿ ಕರಡಿ, ಚಿರತೆ ಓಡಾಟ ಇದೆಯಾ ಅಂತ ಹಿಂದಿನ ಸಂಜೆ ಕುರಿ ಕಾಯುವವರನ್ನು ಕೇಳಿ. ನಕ್ಷೆಯಲ್ಲಿ ಇಲ್ಲದ ದಾರಿಯೂ ಅವರಿಗೇ ಗೊತ್ತಿರುತ್ತದೆ.

ಶೂ ಕೊನೆಗೆ ಉಳಿಯಿತು. ದುಬಾರಿ ಟ್ರೇಲ್ ಶೂ ಈಗಲೇ ಕೊಳ್ಳಬೇಡಿ. ಅಡಿ ಸವೆಯದ ನಿಮ್ಮ ಓಟದ ಶೂ ಯಾದಗಿರಿ ಗುಡ್ಡಕ್ಕೆ ಸಾಕು, ಒಣ ಗ್ರಾನೈಟ್ ಚೆನ್ನಾಗಿ ಹಿಡಿಯುತ್ತದೆ. ಬೀದರ್ ಹರಳುಗಳಿಗೆ, ಮಳೆಗಾಲದ ಚಿಂಚೋಳಿ ಕೆಸರಿಗೆ ಆಳವಾದ ಹಲ್ಲಿನ ಅಡಿ ಬೇಕು, ಜೂನ್ ನಂತರ ನೋಡಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಜಾರಲ್ಲಿ ಉಗುರು ಕಪ್ಪಾಗುತ್ತದೆ. ಇಳಿಯುವ ಮೊದಲು ಕಣಕಾಲ ಹತ್ತಿರದ ಲೇಸ್ ಇನ್ನೊಮ್ಮೆ ಬಿಗಿ ಮಾಡಿ. ಮತ್ತೆ ಮನೆಯವರಿಗೆ ಈ ಉತ್ತರ ಓದಿಸುವುದಕ್ಕಿಂತ ಒಂದು ಕೆಲಸ ಮಾಡಿ: ಯಾವ ಗುಡ್ಡ, ಯಾರ ಯಾರ ಜೋಡಿ, ಕೆಳಗೆ ಗಾಡಿ ಹತ್ತಿರ ಯಾರು ಇರುತ್ತಾರೆ, ಎಷ್ಟು ಗಂಟೆಗೆ ಇಳಿದು ಫೋನ್ ಮಾಡುತ್ತೀರಿ ಅಂತ ಬರೆದು ಕೊಟ್ಟು ಹೋಗಿ. 8 ಗಂಟೆಗೆ ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ.